ಮಲ್ಲೇಶ್ವರದ ಮರಗಳ ಆ್ಯಪ್: ಕೀ ಕೊಟ್ಟರೆ ಮರ ಸಿಗಬೇಕು

ಮಲ್ಲೇಶ್ವರದ ಬೀದಿ ಮರಗಳ ಆ್ಯಪ್ ಈಗ ನೆಟ್ ಇಲ್ಲದಿದ್ದರೂ ಕೆಲಸ ಮಾಡುತ್ತಿದೆ. ಮರದ ನಂಬರ್ ಒತ್ತಿದರೆ ಹೆಸರು, ಯಾವ ಅಡ್ಡರಸ್ತೆ, ಯಾವ ತಿಂಗಳು ಹೂ ಬಿಟ್ಟಿತ್ತು, ಫೋಟೊ, ಎಲ್ಲ ಫೋನಿನೊಳಗಿಂದಲೇ ಬರುತ್ತದೆ. ಸರ್ವರ್ ಇಲ್ಲವೇ ಇಲ್ಲ. ಬ್ರೌಸರ್‌ನ ಸಣ್ಣ ಉಗ್ರಾಣ ಲೋಕಲ್‌ಸ್ಟೋರೇಜ್‌ನಲ್ಲಿ ಬರೀ ಸ್ಟ್ರಿಂಗ್ (ಅಕ್ಷರಗಳ ಸಾಲು) ಇಡಬಹುದು, ಜಾಗವೂ ಸುಮಾರು 5 ಎಂಬಿ ಅಷ್ಟೇ. ಫೋಟೊಗಳಿಗೆ ಅದು ಸಾಲದು. ಹಾಗಾಗಿ ಬ್ರೌಸರ್‌ನೊಳಗಿನ ಡೇಟಾಬೇಸ್ ಆದ ಇಂಡೆಕ್ಸ್ಡ್‌ಡಿಬಿ.

ಇದರಲ್ಲಿ ಕೀ (ದಾಖಲೆಯ ಗುರುತು, ಇಲ್ಲಿ ಮರದ ನಂಬರ್) ಕೊಟ್ಟು ದಾಖಲೆ ತೆಗೆಯುವುದು ನೋಡೋಕೆ ಸುಲಭ. ಟ್ರಾನ್ಸಾಕ್ಷನ್ (ಓದು-ಬರಹದ ಒಂದು ಸರದಿ) ತೆರೆದು, ಸ್ಟೋರ್ (ದಾಖಲೆಗಳ ಪೆಟ್ಟಿಗೆ) ಹಿಡಿದು, 'ಗೆಟ್' ಕರೆದರೆ ಆಯಿತು. ಆದರೆ ಆ ಕೀಗೆ ದಾಖಲೆ ಇಲ್ಲದಿದ್ದರೆ ಎರರ್ ಬರುವುದಿಲ್ಲ. ಕೆಲಸ ಆಯಿತು ಎನ್ನುವ 'ಆನ್‌ಸಕ್ಸೆಸ್' ಎಂದಿನಂತೆ ಓಡುತ್ತದೆ, ಉತ್ತರ ಮಾತ್ರ 'ಅನ್‌ಡಿಫೈನ್ಡ್'. ಆದ್ದರಿಂದ ಖಾಲಿ ಉತ್ತರವನ್ನು ನಾವೇ ಪರೀಕ್ಷಿಸಬೇಕು.

ನಂಬರ್ 42 ಮತ್ತು ಸ್ಟ್ರಿಂಗ್ '42' ಇಲ್ಲಿ ಎರಡು ಬೇರೆ ಕೀಗಳು. ಲಿಂಕಿನಿಂದ ಬರುವುದು ಯಾವಾಗಲೂ ಸ್ಟ್ರಿಂಗ್, ಸ್ಟೋರಿನಲ್ಲಿರುವುದು ನಂಬರ್. ಹುಡುಕುವ ಮುಂಚೆ 'ನಂಬರ್' ಮಾಡಿಕೊಳ್ಳುವ ಸಾಲು ಸೇರಿಸಿದೆ.

ನಿಜವಾದ ಕುತೂಹಲ ಶುರುವಾಗಿದ್ದು ಹೆಸರಿನಿಂದ ಹುಡುಕುವಾಗ. ಹೆಸರಿಗೆ ಒಂದು ಇಂಡೆಕ್ಸ್ (ಹುಡುಕುವ ಸೂಚಿ) ಇಟ್ಟಿದ್ದೇನೆ. 'ಹೊಂಗೆ' ಎಂದು ಕೇಳಿದರೆ ಕೆಲವು ಹೊಂಗೆಗಳು ಬಂದವು, ಕೆಲವು ಬರಲಿಲ್ಲ. ತೆರೆಯ ಮೇಲೆ ಎರಡೂ ಥೇಟ್ ಒಂದೇ. ಉದ್ದ ನೋಡಿದರೆ ಒಂದರದ್ದು 5, ಇನ್ನೊಂದರದ್ದು 6! 'ೊ' ಸ್ವರಚಿಹ್ನೆಯನ್ನು, ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, 'ೆ' ಮತ್ತು 'ೂ' ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಬಾರದೇ ಉಳಿದ ಹೆಸರುಗಳು ಗೆಳೆಯರೊಬ್ಬರ ಹಳೆಯ ಲ್ಯಾಪ್‌ಟಾಪಿನ ಫೋಟೊ ಫೈಲುಗಳಿಂದ ಬಂದಿದ್ದವು. ಕೆಲವು ಫೈಲ್ ವ್ಯವಸ್ಥೆಗಳು ಹೆಸರನ್ನು ಹೀಗೆ ಬಿಡಿಸಿಯೇ ಇಡುತ್ತವೆ. ಇಂಡೆಕ್ಸ್ಡ್‌ಡಿಬಿ ಸಂಕೇತಗಳನ್ನಷ್ಟೇ ಹೋಲಿಸುತ್ತದೆ, ಕಣ್ಣಿಗೆ ಹೇಗೆ ಕಾಣುತ್ತದೆ ಅಂತ ಅದಕ್ಕೆ ಬೇಕಿಲ್ಲ. ಈಗ ಸೇರಿಸುವಾಗಲೂ ಹುಡುಕುವಾಗಲೂ ಹೆಸರು 'ನಾರ್ಮಲೈಸ್' ದಾಟಿ, ಬಿಡಿ ಸಂಕೇತಗಳನ್ನು ಕೂಡಿಸಿದ ಎನ್‌ಎಫ್‌ಸಿ ರೂಪದಲ್ಲೇ ಹೋಗುತ್ತದೆ. ಕನ್ನಡದಲ್ಲಿ ಕೀ ಇಡುವ ಎಲ್ಲರೂ ಇದನ್ನು ಮೊದಲ ದಿನವೇ ಮಾಡಿಕೊಳ್ಳಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಪೂರ್ತಿ ಹೆಸರು ಟೈಪ್ ಮಾಡುವ ತಾಳ್ಮೆ ಯಾರಿಗಿರುತ್ತದೆ, ಅಲ್ವಾ? ಅದಕ್ಕೆ ಕೀಗಳ ವ್ಯಾಪ್ತಿ ಹೇಳುವ 'ಐಡಿಬಿ‌ಕೀರೇಂಜ್' ಬಳಸಿದೆ. ಕೆಳಗಿನ ಮಿತಿ 'ಹ', ಮೇಲಿನ ಮಿತಿ 'ಹ' ಜೊತೆಗೆ ಕನ್ನಡ ಅಕ್ಷರಗಳೆಲ್ಲ ಆದಮೇಲೆ ಬರುವ ಸಂಕೇತ, ಯೂನಿಕೋಡ್‌ನ ಎಫ್‌ಎಫ್‌ಎಫ್‌ಎಫ್. ಹಲಸು, ಹುಣಸೆ, ಹೊಂಗೆ ಸಾಲಾಗಿ ಬಂದವು, ಅದೂ ನಿಘಂಟಿನ ಕ್ರಮದಲ್ಲೇ. ತುಂಬಾ ಖುಷಿಯಾಯಿತು.

'ಮ' ಒತ್ತಿದಾಗ ಮಾತ್ರ ಮಳೆಮರ ಮೊದಲು, ಮಹಾಗನಿ ಆಮೇಲೆ ಬಂತು. ನಮ್ಮ ವರ್ಣಮಾಲೆಯಲ್ಲಿ 'ಳ' ಬರುವುದು 'ಹ' ಆದಮೇಲೆ. ಯೂನಿಕೋಡ್ ಪಟ್ಟಿಯಲ್ಲಿ ಅದು 'ಲ' ಪಕ್ಕದಲ್ಲೇ ಇದೆ. ಡೇಟಾಬೇಸ್ ಕ್ರಮವನ್ನು ಬದಲಿಸಲು ಆಗುವುದಿಲ್ಲ. ಆದ್ದರಿಂದ ಬಂದ ಪಟ್ಟಿಯನ್ನು ತೋರಿಸುವ ಮುಂಚೆ, ಭಾಷೆಗೆ ತಕ್ಕ ಅಕ್ಷರಕ್ರಮ ತಿಳಿದಿರುವ 'ಇಂಟಲ್ ಕೊಲೇಟರ್'ಗೆ ಕನ್ನಡ ಅಂತ ಹೇಳಿ ಮತ್ತೆ ಜೋಡಿಸುತ್ತೇನೆ.

ಫೋಟೊ ವಿಷಯದಲ್ಲಿ ಒಂದು ಮಾತು. ಟ್ರಾನ್ಸಾಕ್ಷನ್ ತೆರೆದಿಟ್ಟು ನಡುವೆ ಫೈಲ್ ತರಿಸುವ 'ಫೆಚ್'ಗಾಗಿ ಕಾಯುವ ಹಾಗಿಲ್ಲ. ಮಾಡಲು ಕೆಲಸವಿಲ್ಲ ಎಂದು ಕಂಡರೆ ಟ್ರಾನ್ಸಾಕ್ಷನ್ ತಾನೇ ಮುಗಿದುಬಿಡುತ್ತದೆ. ಫೋಟೊ ಮೊದಲು ತರಿಸಿ, ಆಮೇಲೆ ಟ್ರಾನ್ಸಾಕ್ಷನ್ ತೆರೆಯಬೇಕು.

ಇನ್ನು ಬಾಕಿ ಇರುವುದು ಅಡ್ಡಹೆಸರುಗಳು. ಹೊಂಗೆಯನ್ನು ಕರಂಜ ಅಂತ ಹುಡುಕುವವರೂ ಇದ್ದಾರೆ. ಹೆಸರುಗಳನ್ನು ಅರೇ (ಪಟ್ಟಿ) ಮಾಡಿ, ಇಂಡೆಕ್ಸಿಗೆ 'ಮಲ್ಟಿಎಂಟ್ರಿ' ಹಾಕಿದರೆ ಪ್ರತಿ ಹೆಸರೂ ಒಂದೊಂದು ಕೀ ಆಗುತ್ತದೆ. ಇಂಡೆಕ್ಸ್ ಬದಲಿಸಬೇಕಾದರೆ ಡೇಟಾಬೇಸಿನ ವರ್ಷನ್ ನಂಬರ್ ಏರಿಸಲೇಬೇಕು. ಮುಂದಿನ ಭಾನುವಾರ ಅದಕ್ಕೇ ಕೂರುತ್ತೇನೆ.