‘ಬಲ’ ಹೋಗಿ ‘ಬಾಲ’ ಆದ ಭಾನುವಾರ

ನಮ್ಮ ಚರ್ಚಲ್ಲಿ ಹದಿನಾಲ್ಕು ವರ್ಷದಿಂದ ಕ್ವಾಯರ್ ಮಾಸ್ಟರ್ ನಾನು, ಅಂದ್ರೆ ಹಾಡೋ ತಂಡದ ಮೇಷ್ಟ್ರು. ಹಾಡು ಬರೆಯೋದು, ಕಲಿಸೋದು, ಪಾರ್ಟ್ ಹಂಚೋದು, ಕೊನೇ ಗಳಿಗೇಲಿ ಕೀಬೋರ್ಡ್ ಅಡಾಪ್ಟರ್ ಹುಡುಕೋದು ಎಲ್ಲಾ ನಂದೇ. ಆದ್ರೂ ಹೋದ ಸಲದ ಸುಗ್ಗಿ ಹಬ್ಬ ನೆನೆಸ್ಕೊಂಡ್ರೆ ಈಗ್ಲೂ ಕಿವಿ ಬಿಸಿ ಆಗುತ್ತೆ.

ಟ್ಯೂನ್ ಮೊದ್ಲು ಬಂತು, ಪದ ಆಮೇಲೆ ಕೂರಿಸಿದೆ. ಕೋರಸ್ ಹೀಗೆ: ‘ನನ್ನ ಬಲ ನೀನೇ, ನನ್ನ ಬೆಳೆ ನಿನ್ನದೇ’. ‘ಬ’ ಮತ್ತೆ ‘ಬೆ’ ಎರಡೂ ಮೇಲಿನ ಸ್ವರ, ಮೂರು ಮೂರು ಬೀಟ್ ಹಿಡೀಬೇಕು.

ಮೊದಲ್ನೇ ಪ್ರಾಕ್ಟೀಸಲ್ಲೇ ಆಲ್ಟೋ (ಹೆಂಗಸರ ಕೆಳಗಿನ ದನಿ) ಹಾಡೋ ಆಂಟಿ ಒಬ್ರು “ಮಾಸ್ಟ್ರೇ, ಬಾಲ ಅಂತ ಕೇಳಿಸ್ತಿದೆ” ಅಂದ್ರು. ನಾನು “ಬ್ಲೆಂಡ್ ಆದ್ಮೇಲೆ ಸರಿ ಹೋಗುತ್ತೆ ಆಂಟಿ, ನೀವು ನಿಮ್ಮ ಲೈನ್ ನೋಡ್ಕೊಳಿ” ಅಂದೆ. ಸಾಲದ್ದಕ್ಕೆ ಶಿಕಾಗೋದಲ್ಲಿ ಚರ್ಚ್ ಹಾಡು ಬರೀತಿದ್ದ ಥಾಮಸ್ ಡಾರ್ಸಿ ಕಥೆ ಬೇರೆ ಬಿಗಿದೆ, 1932ರಲ್ಲಿ ಹೆರಿಗೇಲಿ ಹೆಂಡ್ತಿ ಮಗು ಇಬ್ರನ್ನೂ ಕಳ್ಕೊಂಡ ಮನುಷ್ಯ ಹಳೇ ಟ್ಯೂನಿಗೆ ಹೊಸ ಪದ ಹಾಕಿದ್ದನ್ನ ಇವತ್ತಿಗೂ ಹಾಡ್ತಾರೆ, ಟ್ಯೂನ್ ಗಟ್ಟಿ ಇದ್ರೆ ಪದ ತಾನಾಗೇ ಕೂರುತ್ತೆ ಅಂತ. ಆಂಟಿ ಸುಮ್ನಾದ್ರು. ಇಂಗ್ಲಿಷಲ್ಲಿ ಎಳೆದ್ರೂ ಪದ ಅದೇ ಇರುತ್ತೆ, ಕನ್ನಡದಲ್ಲಿ ಎಳೆದ್ರೆ ಬೇರೆ ಪದಾನೇ ಆಗ್ಬಿಡುತ್ತೆ ಅನ್ನೋದು ನಂಗೆ ಹೊಳೀಲೇ ಇಲ್ಲ. ಮೂರು ವಾರ ಅದನ್ನೇ ಹಾಡಿ ಹಾಡಿ ಎಲ್ರ ಕಿವೀನೂ ಒಗ್ಗಿ ಹೋಯ್ತು.

ಭಾನುವಾರ, ಕಾಣಿಕೆ ಟೈಮು. ಎಲ್ಇಡಿ ಪರದೆ ಮೇಲೆ ‘ಬಲ’ ಅಂತ ಸರಿಯಾಗೇ ಇತ್ತು. ಮುಂದಿನ ಬೆಂಚಲ್ಲಿ ಕೂತಿದ್ದ ಸಂಡೇಸ್ಕೂಲ್ ಹುಡುಗ ಒಬ್ಬ ಎದ್ದು ಕೈ ಬೆನ್ನ ಹಿಂದೆ ಇಟ್ಕೊಂಡು ಬಾಲ ಅಲ್ಲಾಡಿಸ್ದ ನೋಡಿ, ಸಾಲು ಪೂರ್ತಿ ಕಿಸಕ್ಕಂತು. ಮುಂದಿನ ಸಾಲು ಬಂತು, ‘ನನ್ನ ಬೇಳೆ ನಿನ್ನದೇ’. ವೇದಿಕೆ ಮುಂದೆ ಬಾಳೆಗೊನೆ, ಕುಂಬಳಕಾಯಿ ಪಕ್ಕದಲ್ಲಿ ಯಾರೋ ಕೊಟ್ಟಿದ್ದ ತೊಗರಿಬೇಳೆ ಪ್ಯಾಕೆಟ್ಟು ನಿಜವಾಗ್ಲೂ ಇತ್ತು. ಹೆಂಗಸರೆಲ್ಲ ಬಾಯಿಗೆ ಸೆರಗು.

ಕೋರಸ್ ಇನ್ನೂ ಮೂರು ಸಲ ಬಾಕಿ. ನಮ್ಮಲ್ಲಿ ಮುಷ್ಟಿ ಹಿಡಿದ್ರೆ ಎಂಡಿಂಗ್, ಹೆಬ್ಬೆರಳು ಎತ್ತಿದ್ರೆ ಕೀ, ಅಂದ್ರೆ ಶ್ರುತಿ, ಏರಿಸು ಅಂತ. ನಾನು ಮುಷ್ಟಿನೇ ಹಿಡಿದೆ, ಗಾಬರೀಲಿ ಹೆಬ್ಬೆರಳು ಹೊರಗೇ ನಿಂತಿತ್ತು. ಕೀಬೋರ್ಡ್ ಹುಡುಗ ತಲೆ ಆಡಿಸಿ ಟ್ರಾನ್ಸ್‌ಪೋಸ್ ಒತ್ತೇಬಿಟ್ಟ. ಮೇಲಿನ ದನಿ ಹಾಡೋ ಸೋಪ್ರಾನೋದವರು ಜೀವ ಬಿಟ್ಟು ‘ಬಾ...ಲ’ ಅಂತ ಎಳೆದ್ರು. ಅಯ್ಯನವರು ಬೈಬಲ್ ಒಳಗೆ ಮುಖ ಇಟ್ಕೊಂಡಿದ್ರು, ಭುಜ ಅಲ್ಲಾಡ್ತಿತ್ತು.

ಬಾಸೆಲ್ ಮಿಶನ್ನಿನ ಕಿಟ್ಟೆಲ್ 1875ರಲ್ಲೇ ನಾಗವರ್ಮನ ಛಂದಸ್ಸಿನ ಪುಸ್ತಕ ಛಂದೋಂಬುಧಿ ಅಚ್ಚು ಹಾಕಿಸಿದ್ರು. ಜರ್ಮನಿಯಿಂದ ಬಂದ ಪಾದ್ರಿ ಕಲಿತ ಲಘು-ಗುರು ಲೆಕ್ಕಾನ, ಹೈಸ್ಕೂಲಲ್ಲಿ ಪ್ರಸ್ತಾರ ಹಾಕಿ ಮಾರ್ಕ್ಸ್ ತಗೊಂಡ ನಾನು ಮರೆತಿದ್ದೆ. ಈಗ ಉದ್ದ ಸ್ವರದ ಮೇಲೆ ಗುರು ಅಕ್ಷರಾನೇ. ಕೋರಸ್ಸನ್ನ ‘ನೀನೇ ನನ್ನ ಬಲ’ ಅಂತ ತಿರುಗಿಸಿದೀನಿ, ‘ನೀ’ ಎಷ್ಟಾದ್ರೂ ಎಳೀಲಿ. ಬೇಳೆ ಸಾಲು ಕಿತ್ತೇ ಹಾಕಿದೆ. ಹೊಸ ಹಾಡು ಬರೆದ್ರೆ ಮೊದ್ಲು ಆ ಆಂಟಿ ಮುಂದೆ ಹಾಡ್ತೀನಿ.

ವೇದಿಕೆ ಮೇಲೆ ನಾವು ಏನು ಹಾಡ್ತಿದೀವಿ ಅಂತ ನಮಗೇ ಕೇಳ್ಸಲ್ಲ, ಒಂದು ಮಾನಿಟರ್ ಸ್ಪೀಕರ್ ಕೊಡ್ಸಿ ಅಂತ ಎರಡು ವರ್ಷದಿಂದ ಕಮಿಟಿಗೆ ಬರೀತಿದೀನಿ. ಎಲ್ಇಡಿ ಪರದೆಗೆ ದುಡ್ಡಿತ್ತು, ಇದಕ್ಕಿಲ್ಲ. ಹಬ್ಬ ಆದ್ಮೇಲಿನ ಮೀಟಿಂಗಲ್ಲಿ ಮತ್ತೆ ಕೇಳಿದೆ. ಟ್ರೆಶರರ್ ಕನ್ನಡಕ ತೆಗೆದು “ಕೊನೇ ಬೆಂಚಿಗೂ ಬಾಲ ಸ್ಪಷ್ಟವಾಗಿ ಕೇಳಿಸ್ತಲ್ಲ ಮಾಸ್ಟ್ರೇ, ಇನ್ಯಾಕೆ ಸ್ಪೀಕರ್ರು?” ಅಂದ್ರು.