ಪದೇ ಪದೇ ಇ.ಸಿ.ಟಿ. ಕೊಟ್ಟರೆ ಫಿಟ್ಸ್ ರೋಗ ಬರುತ್ತದೆಯೇ?

ತೀವ್ರ ಖಿನ್ನತೆಯಿಂದ ಅನ್ನ, ನೀರು ಬಿಟ್ಟ ರೋಗಿಗೆ ಇ.ಸಿ.ಟಿ. (ಅರಿವಳಿಕೆ ಕೊಟ್ಟು, ಮಿದುಳಿಗೆ ವಿದ್ಯುತ್ ಹಾಯಿಸಿ ಸೆಳವು, ಅಂದರೆ ಫಿಟ್ಸ್, ಬರಿಸುವ ಚಿಕಿತ್ಸೆ) ಬೇಕಾಗಬಹುದು ಎಂದಾಗ ಮನೆಯವರು ಮನೋವೈದ್ಯೆಯಾದ ನನ್ನನ್ನು ಕೇಳುವ ಪ್ರಶ್ನೆ ಇದು: “ಕರೆಂಟ್ ಕೊಟ್ಟು ಬೇಕಂತಲೇ ಫಿಟ್ಸ್ ಬರಿಸ್ತೀರಲ್ಲ ಡಾಕ್ಟ್ರೇ, ಎಂಟು ಹತ್ತು ಸಲ ಹಾಗೆ ಮಾಡಿದ್ರೆ ಆಮೇಲೆ ತಾನಾಗೇ ಬರೋಕೆ ಶುರುವಾಗಲ್ವಾ?” ಬೆಂಗಳೂರಿನಲ್ಲಿ ಮನಸ್ಸಿನ ಕಾಯಿಲೆಗೂ ಫಿಟ್ಸಿಗೂ ಜನ ಹೋಗುವುದು ಅದೇ ನಿಮ್ಹಾನ್ಸಿಗೆ, ಆದ್ದರಿಂದ ಎರಡನ್ನೂ ಸೇರಿಸಿ ಯೋಚಿಸುವುದು ಸಹಜ. ಹಾಗೆ ರೋಗ ಅಂಟಿಕೊಳ್ಳುವುದಿಲ್ಲ ಎಂಬುದು ನನ್ನ ಉತ್ತರ, ಆದರೆ ಅಷ್ಟಕ್ಕೇ ಯಾರ ಭಯವೂ ಹೋಗುವುದಿಲ್ಲ.

ಈ ಭಯಕ್ಕೆ ವಿಜ್ಞಾನದಲ್ಲಿಯೂ ಒಂದು ಎಳೆ ಇದೆ. ಇಲಿಗಳ ಮಿದುಳಿನ ಒಂದು ಬಿಂದುವಿಗೆ ದಿನವೂ ಅತ್ಯಲ್ಪ ವಿದ್ಯುತ್ ಕೊಡುತ್ತ ಹೋದರೆ, ಮೊದಮೊದಲು ಏನೂ ಮಾಡದ ಅದೇ ವಿದ್ಯುತ್ತು ಕೆಲವು ದಿನಗಳ ನಂತರ ಸೆಳವು ಬರಿಸುತ್ತದೆ ಎಂದು ವಿಜ್ಞಾನಿ ಗ್ರಹಾಂ ಗಾಡಾರ್ಡ್ 1960ರ ದಶಕದಲ್ಲಿ ತೋರಿಸಿದರು. ಇದಕ್ಕೆ ಕಿಂಡ್ಲಿಂಗ್ ಎನ್ನುತ್ತಾರೆ. ಇ.ಸಿ.ಟಿ.ಯ ರೀತಿಯೇ ಬೇರೆ: ಇಲ್ಲಿ ಮೊದಲ ಸಲವೇ ಇಡೀ ಮಿದುಳನ್ನು ವ್ಯಾಪಿಸುವ ಪೂರ್ಣ ಸೆಳವು ಬರುತ್ತದೆ, ಅದೂ ವಾರಕ್ಕೆ ಎರಡು ಮೂರು ಸಲ ಮಾತ್ರ. ಪ್ರಾಣಿಗಳಿಗೆ ಇಂಥ ಪೂರ್ಣ ಸೆಳವುಗಳನ್ನು ಮೊದಲೇ ಕೊಟ್ಟಿದ್ದರೆ ಕಿಂಡ್ಲಿಂಗ್ ನಿಧಾನವಾಗುತ್ತದೆ ಎಂಬುದೂ ಪ್ರಯೋಗಗಳಲ್ಲಿ ಕಂಡುಬಂದಿದೆ.

ಚಿಕಿತ್ಸೆಯ ಕೋಣೆಯಲ್ಲಿ ನಾವು ಕಾಣುವುದೂ ಅದನ್ನೇ. ಅರಿವಳಿಕೆ ಕೊಟ್ಟ ಮೇಲೆ, ಸ್ನಾಯು ಸಡಿಲಿಸುವ ಔಷಧಿ ಹೋಗುವ ಮುನ್ನ, ಒಂದು ಕೈಗೋ ಕಾಲಿಗೋ ಬಿ.ಪಿ. ನೋಡುವ ಪಟ್ಟಿಯನ್ನು ಬಿಗಿದು ಗಾಳಿ ತುಂಬುತ್ತೇವೆ. ಔಷಧಿ ತಲುಪದ ಆ ಕೈಯೋ ಪಾದವೋ ಒಂದೇ ಅದುರುತ್ತದೆ, ಉಳಿದ ದೇಹ ಬಹುಮಟ್ಟಿಗೆ ಅಲುಗಾಡದೆ ಮಲಗಿರುತ್ತದೆ. ಅದುರಾಟ ಎಷ್ಟು ಸೆಕೆಂಡು ನಡೆಯಿತೆಂದು ಗಡಿಯಾರ ನೋಡಿ ಬರೆದುಕೊಳ್ಳುತ್ತೇವೆ, ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ತೋರಿಸುವ ಇ.ಇ.ಜಿ. ಗೆರೆಗಳನ್ನೂ ನೋಡುತ್ತೇವೆ. ಮಿದುಳಿನಲ್ಲಿ ಸೆಳವು ಸುಲಭವಾಗಿ ಬರುವಂತಾಗುತ್ತಿದ್ದರೆ ಚಿಕಿತ್ಸೆ ಮುಂದುವರಿದಂತೆ ಕಡಿಮೆ ವಿದ್ಯುತ್ತು ಸಾಕಾಗಬೇಕಿತ್ತು. ಸಾಮಾನ್ಯವಾಗಿ ಆಗುವುದು ಇದಕ್ಕೆ ತದ್ವಿರುದ್ಧ: ಅದೇ ಪ್ರಮಾಣಕ್ಕೆ ಸೆಳವಿನ ಅವಧಿ ಕುಗ್ಗುತ್ತದೆ, ಎಷ್ಟೋ ರೋಗಿಗಳಲ್ಲಿ ಪ್ರಮಾಣವನ್ನು ಏರಿಸಬೇಕಾಗುತ್ತದೆ. ಸೆಳವನ್ನು ತಡೆಯುವ ಮಿದುಳಿನ ಸ್ವಂತ ಶಕ್ತಿಯನ್ನು ಈ ಚಿಕಿತ್ಸೆ ಎಬ್ಬಿಸುತ್ತದೆ, ಗುಣ ಬರುವುದಕ್ಕೂ ಅದೇ ಒಂದು ಕಾರಣವಿರಬಹುದು ಎಂದು ವಾದಿಸುವವರಿದ್ದಾರೆ. ಯಾವ ಔಷಧಿಗೂ ನಿಲ್ಲದ ಫಿಟ್ಸನ್ನು ನಿಲ್ಲಿಸಲು ಕೊನೆಯ ಉಪಾಯವಾಗಿ ಇ.ಸಿ.ಟಿ. ಕೊಟ್ಟ ಉದಾಹರಣೆಗಳೂ ವೈದ್ಯಕೀಯ ಸಾಹಿತ್ಯದಲ್ಲಿವೆ. ಇ.ಸಿ.ಟಿ.ಯಿಂದ ಬರುವ ಮರೆವಿನ ಬಗ್ಗೆ ಕೇಳಿದರೆ ಮಾತ್ರ ನಾನು ಇಷ್ಟು ನಿಶ್ಚಿಂತೆಯಿಂದ ಉತ್ತರಿಸಲಾರೆ. ಆ ತೊಂದರೆ ನಿಜವಾದದ್ದು.

ಹಾಗೆಂದು ಅಪಾಯವೇ ಇಲ್ಲವೆನ್ನಲಾಗದು. ಅಪರೂಪಕ್ಕೆ ಸೆಳವು ಮೂರು ನಿಮಿಷ ದಾಟುತ್ತದೆ. ಆಗ ಇಂಜೆಕ್ಷನ್ ಕೊಟ್ಟು ನಿಲ್ಲಿಸುತ್ತೇವೆ. ಚಿಕಿತ್ಸೆ ಮುಗಿದ ಮೇಲೆ ಮತ್ತೊಂದು ಸೆಳವು ಬರುವುದು ಇನ್ನೂ ವಿರಳ. ಅಂಥ ಸಂದರ್ಭಗಳಲ್ಲಿ ಹಲವು ವೇಳೆ ಬೇರೆ ಕಾರಣ ಇರುತ್ತದೆ: ಮನಸ್ಸಿನ ಕಾಯಿಲೆಗೆ ಕೊಡುವ ಲಿಥಿಯಂ, ಕ್ಲೋಜಪಿನ್, ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್, ಇಲ್ಲವೇ ದಿಢೀರನೆ ಬಿಟ್ಟ ಕುಡಿತ ಅಥವಾ ನಿದ್ರೆ ಮಾತ್ರೆ. ಕುಡಿತದ ಸಂಗತಿಯನ್ನು ಮರ್ಯಾದೆಗೆ ಅಂಜಿ ಮುಚ್ಚಿಡುವವರೇ ಹೆಚ್ಚು, ದಯವಿಟ್ಟು ಹಾಗೆ ಮಾಡಬೇಡಿ. ಮೊದಲೇ ಫಿಟ್ಸ್ ಇರುವವರಿಗೂ ಈ ಚಿಕಿತ್ಸೆ ಕೊಡಬಹುದು. ಆದರೆ ಸೆಳವು ಸರಿಯಾಗಿ ಬರಲೆಂದು ಫಿಟ್ಸ್ ಮಾತ್ರೆಯನ್ನು ಮನೆಯಲ್ಲಿ ನೀವೇ ನಿಲ್ಲಿಸಬಾರದು. ಯಾವ ಮಾತ್ರೆಯನ್ನು ಎಷ್ಟು ಕಡಿಮೆ ಮಾಡಬೇಕು, ಅಂದು ಬೆಳಿಗ್ಗೆ ಯಾವುದನ್ನು ತಡವಾಗಿ ಕೊಡಬೇಕು ಎಂಬುದನ್ನು ಚಿಕಿತ್ಸೆ ಕೊಡುವ ವೈದ್ಯರೇ ಬರೆದು ಕೊಡುತ್ತಾರೆ.