ಇಪ್ಪತ್ತು ಸಾವಿರದ ಸಂಸಾರ: ತಿಂಗಳ ಲೆಕ್ಕ ಬಿಟ್ಟು ವರ್ಷದ ಲೆಕ್ಕ ಹಾಕಿ

“ಮಂಗಳೂರು, ಉಡುಪಿ ಕಡೆ ತಿಂಗಳಿಗೆ ಇಪ್ಪತ್ತು ಸಾವಿರದಲ್ಲಿ ನಾಲ್ಕು ಜನರ ಸಂಸಾರ ನಡೆಯುತ್ತದಾ?” ಹೊಸದಾಗಿ ಬೇರೆ ಮನೆ ಮಾಡಿದವರು, ಕೆಲಸ ಸಿಕ್ಕಿ ಈ ಕಡೆ ಬರುವವರು, ಮಗುವನ್ನು ಶಾಲೆಗೆ ಸೇರಿಸಲು ಹೊರಟವರು, ಎಲ್ಲರೂ ಕೇಳುವ ಪ್ರಶ್ನೆ ಇದು. ತಿಂಗಳಿಗೆ ಇಪ್ಪತ್ತು ಸಾವಿರ ಎಂದು ಎಣಿಸಿದರೆ ನಡೆಯುವುದಿಲ್ಲ. ವರ್ಷಕ್ಕೆ 2,40,000 ಎಂದು ಎಣಿಸಿದರೆ ಬಿಗಿಯಾಗಿ ನಡೆಯುತ್ತದೆ. ಮೊತ್ತ ಒಂದೇ ಆದರೂ ಕರಾವಳಿಯ ವರ್ಷ ಹನ್ನೆರಡು ಸಮಪಾಲಾಗಿ ಬರುವುದಿಲ್ಲ. ಮೇ ತಿಂಗಳ ಕೊನೆಗೆ ಶಾಲೆಯ ಫೀಸು, ಪುಸ್ತಕ, ಯೂನಿಫಾರ್ಮ್, ಕೊಡೆ, ಮಾಡಿನ ರಿಪೇರಿ ಎಲ್ಲ ಒಟ್ಟಿಗೆ ಬರುತ್ತವೆ. ಅದರ ಬೆನ್ನಿಗೇ ಮಳೆ ಹಿಡಿದು ದಿನಗೂಲಿ ಕಡಿಮೆಯಾಗುತ್ತದೆ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ತರಕಾರಿ ಘಟ್ಟದ ಮೇಲಿಂದ ಬರಬೇಕಾದ್ದರಿಂದ ಅದಕ್ಕೂ ಹೆಚ್ಚಿನ ದರ. ಜನವರಿಯಲ್ಲಿ ಸರಿಯಾಗಿಯೇ ಇದ್ದ ಲೆಕ್ಕ ಜೂನ್‌ನಲ್ಲಿ ಮುರಿದು ಬೀಳುವುದು ಈ ಕಾರಣಕ್ಕೆ. ಹಿಂದಿನವರು ಆಟಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತುಳು ತಿಂಗಳು) ತಿಂಗಳನ್ನು ಕಷ್ಟದ ತಿಂಗಳೆಂದೇ ಕರೆದು, ಅದಕ್ಕಾಗಿ ಬೇಸಿಗೆಯಿಂದಲೇ ಕೂಡಿಡುತ್ತಿದ್ದರು. ಸಂಬಳದ ಮನೆಗೂ ಆ ಕ್ರಮವೇ ಸರಿ.

ಮೊದಲು ಅಂಕಿಗಳನ್ನು ಇಟ್ಟುಕೊಳ್ಳೋಣ. ಪೇಟೆಯಿಂದ ಸ್ವಲ್ಪ ಹೊರಗಿನ ಸಣ್ಣ ಮನೆಗೆ ತಿಂಗಳಿಗೆ ಆರು ಸಾವಿರದಂತೆ ಬಾಡಿಗೆ 72,000. ಊಟ ತಿಂಡಿಯ ಸಾಮಾನು, ಹಾಲು, ಮೀನು, ತರಕಾರಿ 84,000. ಎಂಟು ಗ್ಯಾಸ್ ಸಿಲಿಂಡರ್, ಒಂದಕ್ಕೆ 900 ಎಂದು ಹಿಡಿದರೆ 7,200. ಮೊಬೈಲು 5,000. ಬಸ್ಸು 18,000. ಶಾಲೆ 20,000. ಔಷಧಿ, ಆಸ್ಪತ್ರೆ 12,000. ಬಟ್ಟೆ 8,000. ಮದುವೆ, ಗೃಹಪ್ರವೇಶ, ದೈವದ ನೇಮ ಎಂದು ಕೊಡುವುದು 6,000. ಕೊಡೆ, ಚಪ್ಪಲಿ, ರಿಪೇರಿ 4,000. ಒಟ್ಟು 2,36,200, ಕೈಯಲ್ಲಿ ಉಳಿಯುವುದು 3,800. ಮುಯ್ಯಿಯ ಹಣವನ್ನು ಖರ್ಚಿನಲ್ಲಿ ಬರೆಯದವರೇ ಹೆಚ್ಚು, ಆದರೆ ಡಿಸೆಂಬರಿನಿಂದ ಮೇವರೆಗೆ ತಪ್ಪಿಸಿಕೊಳ್ಳಲಾಗದ ಖರ್ಚು ಅದೇ.

ಇದರಲ್ಲಿ ಪಡಿತರ ಸೇರಿಸಿಲ್ಲ. ಬಿಪಿಎಲ್ ಕಾರ್ಡಿನ ಆದಾಯ ಮಿತಿ ವರ್ಷಕ್ಕೆ 1.20 ಲಕ್ಷವಾದ್ದರಿಂದ ಈ ಆದಾಯದ ಮನೆ ಅದರ ಹೊರಗೆ ಬೀಳುತ್ತದೆ. ಸರ್ಕಾರದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ಎಪಿಎಲ್ ಕಾರ್ಡಿನ ಯಜಮಾನಿಗೂ ಇದೆ, ಗಂಡ ಹೆಂಡತಿ ಇಬ್ಬರಲ್ಲಿ ಯಾರೂ ಆದಾಯ ತೆರಿಗೆ ಅಥವಾ ಜಿಎಸ್‌ಟಿ ಕಟ್ಟುವವರಾಗಿರಬಾರದು ಅಷ್ಟೆ. ಆದರೆ ಆ ಹಣ ತಿಂಗಳ ಇಂಥ ದಿನವೇ ಬರುತ್ತದೆಂದು ನಂಬಿ ಬಾಡಿಗೆಗೋ ಹಾಲಿಗೋ ಅದನ್ನು ಹೊಂದಿಸಬೇಡಿ. ಬಂದಾಗ ಬರಲಿ, ಬಂದದ್ದು ನೇರವಾಗಿ ಮಳೆಗಾಲದ ಗಂಟಿಗೆ ಹೋಗಲಿ.

ಮಳೆಗಾಲದ ಗಂಟು ಎಂದರೆ ಬ್ಯಾಂಕಿನ ಆರ್‌ಡಿ, ಅಂದರೆ ತಿಂಗಳ ಕಂತಿನ ಠೇವಣಿ. ಆಗಸ್ಟ್‌ನಲ್ಲಿ ಶುರುಮಾಡಿ ಏಪ್ರಿಲ್‌ವರೆಗೆ ಒಂಬತ್ತು ಕಂತು ಕಟ್ಟಿದರೆ ಮೇಯಲ್ಲಿ ಕೈಗೆ ಬರುತ್ತದೆ. ತಿಂಗಳಿಗೆ 3,000 ಕಟ್ಟಿದರೆ 27,000, ಜೊತೆಗೆ ಬಡ್ಡಿ. ಶಾಲೆಯ ಮೊದಲ ಕಂತು, ಅಕ್ಕಿ, ತೆಂಗಿನಕಾಯಿ, ಒಣಮೀನು, ಟಾರ್ಪಾಲು ಇಷ್ಟಕ್ಕೆ ಅದು ಸಾಕು. ಐದು ವರ್ಷದ ಆರ್‌ಡಿ ಈ ಕೆಲಸಕ್ಕೆ ಆಗದು, ಬೇಕಾದ ಹೊತ್ತಿಗೆ ಹಣ ಸಿಕ್ಕಿಕೊಂಡಿರುತ್ತದೆ. ಹಾಗೆಂದು ಮೇ ತಿಂಗಳ ಖರ್ಚಿಗೆ ವಾರದ ಕಂತಿನ ಸಾಲ ತೆಗೆಯುವುದು ಇನ್ನೂ ಕೆಟ್ಟದ್ದು. ಸಾಲದ ಹಣ ಮೇಯಲ್ಲೇ ಮುಗಿಯುತ್ತದೆ, ಕಂತು ಮಾತ್ರ ಕೂಲಿ ಇಲ್ಲದ ಜೂನ್, ಜುಲೈಯಲ್ಲೂ ಪ್ರತಿ ವಾರ ಬಾಗಿಲಿಗೆ ಬರುತ್ತದೆ.

ಇನ್ನು ಅಡುಗೆಮನೆ. ನಿಜವಾದ ಉಳಿತಾಯ ಇರುವುದು ಇಲ್ಲೇ, ಅದೂ ಕುಚ್ಚಲಕ್ಕಿಯ ಪಾತ್ರೆಯಲ್ಲಿ. ನಾಲ್ಕು ಜನಕ್ಕೆ ತಿಂಗಳಿಗೆ ಸುಮಾರು 36 ಕಿಲೋ ಅಕ್ಕಿ. ಕುಚ್ಚಲಕ್ಕಿ ತೆರೆದ ಪಾತ್ರೆಯಲ್ಲಿ ಬೇಯಲು ಐವತ್ತು ನಿಮಿಷ ಬೇಕು. ದೊಡ್ಡ ಬರ್ನರು ಗಂಟೆಗೆ 150ರಿಂದ 200 ಗ್ರಾಂ ಗ್ಯಾಸ್ ಕುಡಿಯುತ್ತದೆ. ಬಿಸಿ ಹಿಡಿದಿಡುವ ಡಬ್ಬದಂಥ ಥರ್ಮಲ್ ರೈಸ್ ಕುಕ್ಕರ್ ಇದ್ದರೆ ಒಲೆಯ ಕೆಲಸ ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. ದಿನಕ್ಕೆ ಅರ್ಧ ಗಂಟೆ ಉಳಿದರೆ ವರ್ಷಕ್ಕೆ ಸುಮಾರು 30 ಕಿಲೋ, ಅಂದರೆ 14.2 ಕಿಲೋದ ಎರಡು ಸಿಲಿಂಡರ್. ಅಕ್ಕಿ ತೊಳೆದು, ಅಳತೆಯ ಐದಾರು ಪಟ್ಟು ನೀರಿಟ್ಟು, ಚೆನ್ನಾಗಿ ಕುದಿ ಬಂದ ಮೇಲೆ ಹತ್ತು ನಿಮಿಷ ಬಿಟ್ಟು, ಪಾತ್ರೆಯನ್ನು ಹಾಗೇ ಕುಕ್ಕರಿನೊಳಗೆ ಇಳಿಸಿ ಮುಚ್ಚಿಡಿ. ಒಂದೂವರೆ ಗಂಟೆಯಿಂದ ಎರಡು ಗಂಟೆ ಸಾಕು. ಅಕ್ಕಿಯ ಜಾತಿಯ ಮೇಲೆ ಇದು ಹೆಚ್ಚು ಕಡಿಮೆಯಾಗುತ್ತದೆ, ಮೊದಲ ವಾರ ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ.

ಕೆಡುವುದು ಮೂರು ಕಡೆ. ಪಾತ್ರೆ ಅರ್ಧಕ್ಕಿಂತ ಕಡಿಮೆ ತುಂಬಿದ್ದರೆ ಬಿಸಿ ನಿಲ್ಲದೆ ಅಗುಳು ಒಳಗೆ ಗಟ್ಟಿಯಾಗಿಯೇ ಉಳಿಯುತ್ತದೆ. ನಡುವೆ ಮುಚ್ಚಳ ತೆಗೆದು ನೋಡಿದರೂ ಅದೇ ಗತಿ. ಇನ್ನು ಕೆಲಸಕ್ಕೆ ಹೋಗುವ ಗಡಿಬಿಡಿಯಲ್ಲಿ ಬಸಿಯದೆ ಮಧ್ಯಾಹ್ನದವರೆಗೆ ಬಿಟ್ಟರೆ ಅನ್ನ ಮುದ್ದೆಯಾಗಿ ಹುಳಿವಾಸನೆ ಬರುತ್ತದೆ. ಬೆಳಿಗ್ಗೆ ಆರಕ್ಕೆ ಇಳಿಸಿಟ್ಟರೆ ಎಂಟಕ್ಕೆ ಗಂಜಿ ಊಟ, ಬಸಿದಿಟ್ಟದ್ದು ಮಧ್ಯಾಹ್ನದ ಅನ್ನ, ತಿಳಿ ದಾಹಕ್ಕೆ. ಒಂದೇ ಪಾತ್ರೆಯಲ್ಲಿ ಎರಡು ಹೊತ್ತು ಕಳೆಯುತ್ತದೆ. ದಿನವೂ ದೋಸೆಯೆಂದರೆ ಗ್ಯಾಸ್, ಎಣ್ಣೆ, ಉದ್ದು, ಮೇಲೆ ಚಟ್ನಿಗೆ ಅರ್ಧ ಕಾಯಿ. ವಾರಕ್ಕೆ ನಾಲ್ಕು ದಿನ ಗಂಜಿ, ಮೂರು ದಿನ ತಿಂಡಿ ಎಂದಿಟ್ಟುಕೊಂಡ ಮನೆಯಲ್ಲಿ ಸಿಲಿಂಡರ್ ಬಾಳುವುದೇ ಬೇರೆ.

ತೆಂಗಿನಕಾಯಿ ಕರಾವಳಿಯ ಬಜೆಟ್ಟಿನ ಸೂಕ್ಷ್ಮ ಜಾಗ. ದಿನಕ್ಕೊಂದು ಕಾಯಿ ಎಂದರೆ ವರ್ಷಕ್ಕೆ 365. ಊಟದ ಸಾಮಾನಿಗೆ ಮೇಲೆ ಇಟ್ಟ 84,000 ಲೆಕ್ಕ ಕೂಡುವುದು ವರ್ಷಕ್ಕೆ 240 ಕಾಯಿಯಲ್ಲಿ ನಿಂತರೆ ಮಾತ್ರ. ಇದಕ್ಕೆ ರುಚಿ ಬಿಡಬೇಕಾಗಿಲ್ಲ, ಕಾಯಿ ಹಾಕದ ಅಡುಗೆಗಳೇ ಇಲ್ಲಿ ಬೇಕಾದಷ್ಟಿವೆ: ಬೋಳುಹುಳಿ, ದಾಳಿತೊವೆ, ಹುರುಳಿ ಸಾರು, ಪುನರ್ಪುಳಿ ಸಾರು. ಒಂದೆಲಗದ ತಂಬುಳಿಗೆ ಎರಡು ಚಮಚ ತುರಿ ಸಾಕು. ವಾರದಲ್ಲಿ ಮೂರು ದಿನ ಇವಾದರೆ ಉಳಿದ ದಿನ ಗಸಿಗೆ ಧಾರಾಳವಾಗಿ ಅರೆಯಬಹುದು. ಕೊಳ್ಳುವಾಗ ಸುಲಿಯದ ಬಲಿತ ಕಾಯಿಯನ್ನು ತೋಟದಿಂದ ನೇರ ಕೊಂಡರೆ ಮೂರು ತಿಂಗಳು ಕೆಡದೆ ನಿಲ್ಲುತ್ತದೆ, ಸಿಪ್ಪೆ ನೀರೊಲೆಗಾಗುತ್ತದೆ. ಸುಲಿದದ್ದಾದರೆ ಜುಟ್ಟು ಬಿಟ್ಟಿಡಿ. ಒಡೆದ ಮೇಲೆ ಕಣ್ಣಿನ ಭಾಗ ಬೇಗ ಕೆಡುತ್ತದೆ, ಅದನ್ನೇ ಮೊದಲು ತುರಿಯಿರಿ.

ಮೆಣಸು, ಕೊತ್ತಂಬರಿ, ಹುಣಸೆಯ ಹೊಸ ಬೆಳೆ ಫೆಬ್ರವರಿಯಿಂದ ಏಪ್ರಿಲ್ ಒಳಗೆ ಅಂಗಡಿಗೆ ಬರುತ್ತದೆ. ಬಿಸಿಲೂ ಆಗಲೇ ಇರುವುದು. ನಾಲ್ಕು ಜನಕ್ಕೆ ವರ್ಷಕ್ಕೆ ಬ್ಯಾಡಗಿ ಮೆಣಸು ನಾಲ್ಕು ಕಿಲೋ, ಕೊತ್ತಂಬರಿ ನಾಲ್ಕು ಕಿಲೋ, ಬೀಜ ತೆಗೆದ ಹುಣಸೆ ಐದು ಕಿಲೋ ಸಾಕು. ಹತ್ತರಿಂದ ಮೂರರವರೆಗಿನ ಬಿಸಿಲಿಗೆ ಮೂರು ದಿನ ಹರಡಿ. ಒಣಗಿದ ಮೆಣಸು ಹಿಡಿದರೆ ಪುಡಿಯಾಗಿ ಮುರಿಯಬೇಕು. ಇಲ್ಲಿ ಬಹಳ ಜನ ತಪ್ಪುವುದು ತುಂಬುವ ಹೊತ್ತಿನಲ್ಲಿ. ಬಿಸಿಲಿನಿಂದ ತಂದದ್ದನ್ನು ಬಿಸಿಯಿರುವಾಗಲೇ ಡಬ್ಬಕ್ಕೆ ಹಾಕಿದರೆ ಒಳಗೆ ಬೆವತು ಜೂನ್ ಕೊನೆಗೆ ಬೂಷ್ಟು ಬರುತ್ತದೆ. ನೆರಳಿನಲ್ಲಿ ಆರಿಸಿ, ಇಬ್ಬನಿ ಬೀಳುವ ಮೊದಲು ತುಂಬಿ, ಮುಚ್ಚಳ ಬಿಗಿಮಾಡಿ. ತಿಂಗಳ ಬಳಕೆಗೆ ಬೇರೆ ಸಣ್ಣ ಡಬ್ಬ ಇಟ್ಟುಕೊಳ್ಳಿ. ದೊಡ್ಡದನ್ನು ಮಳೆಯ ದಿನ ತೆರೆದಷ್ಟೂ ತೇವ ಒಳಗೆ ಹೋಗುತ್ತದೆ. ಹುಣಸೆಗೆ ಕಲ್ಲುಪ್ಪು ಬೆರೆಸಿ ಭರಣಿಯಲ್ಲಿ ಒತ್ತಿಡಬೇಕು. ಅಕ್ಕಿ ಡ್ರಮ್ಮನ್ನು ಹಲಗೆಯ ಮೇಲೆ, ಗೋಡೆಯಿಂದ ಅರ್ಧ ಅಡಿ ದೂರ ಇಡಿ, ಜುಲೈಯಲ್ಲಿ ನೆಲವೂ ಗೋಡೆಯೂ ಬೆವರುತ್ತವೆ.

ತರಕಾರಿಗೆ ಮಂಗಳೂರು ಸೌತೆಗಿಂತ ನಂಬಿಕೆಯದು ಇಲ್ಲ. ಏಪ್ರಿಲ್, ಮೇಯಲ್ಲಿ ಪೂರ್ತಿ ಹಣ್ಣಾದ, ತೊಟ್ಟಿರುವ, ಗಾಯವಿಲ್ಲದ ಇಪ್ಪತ್ತು ಕಾಯಿ ಆರಿಸಿ, ಒಂದಕ್ಕೊಂದು ತಾಗದ ಹಾಗೆ ಬಾಳೆನಾರಿನಲ್ಲಿ ತೂಗುಹಾಕಿದರೆ ಚೌತಿಯವರೆಗೂ ಬರುತ್ತವೆ. ನೆಲದ ಮೇಲೆ ರಾಶಿ ಹಾಕಿದರೆ ಕೆಳಗಿನದು ಕೊಳೆತು ಎಲ್ಲವನ್ನೂ ಕೆಡಿಸುತ್ತದೆ. ಹಲಸಿನ ಸೊಳೆ ಸಿಕ್ಕುವ ಮನೆಯವರು ಐದು ಸೇರು ಬಲಿತ ಸೊಳೆಗೆ ಒಂದು ಸೇರು ಕಲ್ಲುಪ್ಪಿನಂತೆ ಭರಣಿಗೆ ಹಾಕಿ, ಮೇಲೆ ತೊಳೆದು ಒಣಗಿಸಿದ ಕಲ್ಲು ಹೇರಬೇಕು. ಉಪ್ಪುನೀರಿನ ಮೇಲೆ ತೇಲಿದ ಸೊಳೆ ಕಪ್ಪಾಗಿ ಕೊಳೆಯುತ್ತದೆ, ಕಲ್ಲಿನ ಭಾರ ಅದಕ್ಕೇ. ಬೇಯಿಸುವ ಮೊದಲು ಎರಡು ಮೂರು ಸಲ ನೀರು ಬದಲಿಸಿ ನೆನೆಸಿ. ರಕ್ತದೊತ್ತಡ ಇರುವವರಿಗೆ ಇದು ಬೇಡ. ಉಳಿದ ತರಕಾರಿಗೆ ಆದಿಉಡುಪಿಯ ಬುಧವಾರದ ಸಂತೆ, ಕುಂದಾಪುರದ ಶನಿವಾರದ ಸಂತೆಗಳಿವೆ. ಮಳೆ ಬಿದ್ದ ಮೇಲೆ ಹಿತ್ತಲಲ್ಲೇ ಏಳುವ ತಗಟೆ ಸೊಪ್ಪು, ಪತ್ರೊಡೆಗೆ ಕೆಸು, ಚಪ್ಪರಕ್ಕೆ ಹಬ್ಬಿಸಿದ ಬಸಳೆ ಇದ್ದರೆ ಜುಲೈಯ ತರಕಾರಿ ಖರ್ಚು ಅರ್ಧಕ್ಕಿಳಿಯುತ್ತದೆ.

ಮೀನು ಬಿಡಬೇಡಿ. ಮಕ್ಕಳಿರುವ ಮನೆಯಲ್ಲಿ ಬೂತಾಯಿ, ಬಂಗುಡೆಯಷ್ಟು ಕಡಿಮೆ ಖರ್ಚಿನ ಒಳ್ಳೆಯ ಊಟ ಇನ್ನೊಂದಿಲ್ಲ. ದುಬಾರಿ ಮೀನುಗಳಾದ ಅಂಜಲ್, ಮಾಂಜಿ ಹಬ್ಬಕ್ಕಿರಲಿ. ಮಳೆಗಾಲ ಕಳೆದು ಬೂತಾಯಿ ರಾಶಿ ಬೀಳುವ ದಿನಗಳಲ್ಲಿ ಮಂಗಳೂರಿನ ಧಕ್ಕೆಯಲ್ಲೋ (ಮೀನು ಬಂದರು) ಮಲ್ಪೆಯಲ್ಲೋ ಬೆಳಿಗ್ಗೆ ನಾಲ್ಕು ಮನೆಯವರು ಸೇರಿ ಬುಟ್ಟಿಯಲ್ಲಿ ಕೊಂಡು ಹಂಚಿಕೊಳ್ಳುವುದು ಲಾಭ. ಆದರೆ ಐಸು ಜೊತೆಗೇ ಒಯ್ಯಿರಿ. ಬಂಗುಡೆ ಬಿಸಿಲಲ್ಲಿ ಉಳಿದರೆ ಅದರಲ್ಲಿ ಹಿಸ್ಟಮಿನ್ ಹುಟ್ಟುತ್ತದೆ, ಮತ್ತೆ ಎಷ್ಟು ಕುದಿಸಿದರೂ ಹೋಗುವುದಿಲ್ಲ, ತಿಂದವರಿಗೆ ಮೈ ಕೆಂಪಾಗಿ ತುರಿಸುತ್ತದೆ. ನಿಷೇಧದ ಎರಡು ತಿಂಗಳಿಗೆ ಏಪ್ರಿಲ್‌ನಲ್ಲೇ ಒಣ ಸೀಗಡಿ, ಒಣ ಬಂಗುಡೆ ಕೊಳ್ಳಿ. ಅಂಗಡಿಯಲ್ಲಿ ಒಣಗಿದಂತೆ ಕಂಡರೂ ಮನೆಯಲ್ಲಿ ಮತ್ತೆರಡು ಬಿಸಿಲು ಹಾಕಿ, ಕಾಗದದಲ್ಲಿ ಸುತ್ತಿ ಡಬ್ಬದಲ್ಲಿಡಿ. ನಸುಗೆಂಪು ಬಣ್ಣ ಬಂದದ್ದನ್ನು ಕೊಳ್ಳಬಾರದು, ಉಪ್ಪಿನಲ್ಲೇ ಬೆಳೆಯುವ ಬ್ಯಾಕ್ಟೀರಿಯಾ ಹಿಡಿದ ಗುರುತು ಅದು.

ಕರೆಂಟಿಗೆ ಮೇಲಿನ ಲೆಕ್ಕದಲ್ಲಿ ಹಣ ಇಟ್ಟಿಲ್ಲ, ಸರ್ಕಾರದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯ ಒಳಗೇ ಉಳಿಯಬೇಕೆಂಬ ಲೆಕ್ಕ ಅದು. 200 ಯೂನಿಟ್ ಎಲ್ಲರಿಗೂ ಉಚಿತ ಎಂದು ತಿಳಿದವರಿದ್ದಾರೆ. ಹಾಗಲ್ಲ. ನಿಮ್ಮ ಮೀಟರಿನ ಹಿಂದಿನ ಸರಾಸರಿಯ ಮೇಲೆ ಸ್ವಲ್ಪ ಸೇರಿಸಿ ಮಿತಿ ಗೊತ್ತುಮಾಡಿದ್ದಾರೆ. ಅದನ್ನು ದಾಟಿದರೆ ಹೆಚ್ಚಿನದಕ್ಕೆ, 200 ದಾಟಿದರೆ ಇಡೀ ಬಿಲ್ಲಿಗೆ ಹಣ ಕಟ್ಟಬೇಕು. ದಾಟುವುದು ಏಪ್ರಿಲ್, ಮೇ ಸೆಕೆಯಲ್ಲಿ. 75 ವಾಟಿನ ಹಳೆಯ ಫ್ಯಾನು ದಿನಕ್ಕೆ ಹನ್ನೆರಡು ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್, ಕಡಿಮೆ ಕರೆಂಟಿನಲ್ಲಿ ತಿರುಗುವ 30 ವಾಟಿನ ಬಿಎಲ್‌ಡಿಸಿ ಫ್ಯಾನಾದರೆ 11. ಹೆಚ್ಚು ತಿರುಗುವ ಒಂದು ಫ್ಯಾನನ್ನು ಮಾತ್ರ ಮೊದಲು ಬದಲಿಸಿ. ಬಿಲ್ಲು ಬಂದ ಹದಿನೈದನೇ ದಿನ ಮೀಟರ್ ಓದಿ ಬರೆಯಿರಿ, ಮಿತಿಯ ಅರ್ಧ ದಾಟಿದ್ದರೆ ಆಗಲೇ ಗೀಸರಿಗೆ ಕೈ ಬಿಗಿಹಿಡಿಯಬಹುದು. ಬಾಡಿಗೆ ಮನೆ ಬದಲಿಸಿದಾಗ ಹಳೆಯ ಆರ್‌ಆರ್ ನಂಬರಿನಿಂದ (ಕರೆಂಟು ಬಿಲ್ಲಿನಲ್ಲಿರುವ ಸಂಪರ್ಕದ ನಂಬರು) ಆಧಾರ್ ಬಿಡಿಸಿ ಹೊಸದಕ್ಕೆ ಸೇರಿಸಲು ಮರೆಯಬೇಡಿ.

ಮನೆ ಹುಡುಕುವಾಗ ಬಾಡಿಗೆಯನ್ನಷ್ಟೇ ನೋಡಬಾರದು. ಮಹಿಳೆಯರ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ 2023ರ ಜೂನ್ 11ರಿಂದ ಇದೆ, ಆದರೆ ಅದು ಇರುವುದು ಸರ್ಕಾರಿ ಬಸ್ಸಿನಲ್ಲಿ ಮಾತ್ರ. ಮಂಗಳೂರಿನ ಸಿಟಿ ಬಸ್ಸುಗಳೂ ಉಡುಪಿ ಹೆದ್ದಾರಿಯ ಬಸ್ಸುಗಳೂ ಬಹುಪಾಲು ಖಾಸಗಿ. ಬಿ.ಸಿ. ರೋಡ್, ಪುತ್ತೂರು ಕಡೆಗೆ ಸರ್ಕಾರಿ ಬಸ್ಸು ಹೆಚ್ಚು. ಹೆಂಗಸರು ದಿನವೂ ಕೆಲಸಕ್ಕೆ ಹೋಗುವ ಮನೆಯಾದರೆ, ಇಪ್ಪತ್ತು ರೂಪಾಯಿಯ ಟಿಕೆಟ್ ದಿನಕ್ಕೆರಡು, ತಿಂಗಳಿಗೆ 25 ದಿನ, ವರ್ಷಕ್ಕೆ 12,000. ತಿಂಗಳ ಬಾಡಿಗೆಯಲ್ಲಿ ಸಾವಿರ ಕಡಿಮೆಯಾದದ್ದಕ್ಕೆ ಇದು ಸಮ. ಮಣಿಪಾಲದ ಬಾಡಿಗೆ ವಿದ್ಯಾರ್ಥಿಗಳ ಬೇಡಿಕೆಯ ಮೇಲೆ ನಿಂತದ್ದು, ಸಂಸಾರಕ್ಕೆ ಪರ್ಕಳ, ಬ್ರಹ್ಮಾವರ ಕಡೆ ನೋಡುವುದು ಲೇಸು.

ಆಸ್ಪತ್ರೆಗಿಟ್ಟ 12,000 ದಿನನಿತ್ಯದ ಔಷಧಿಗೆ. ಅದನ್ನೂ ಜನೌಷಧಿ ಕೇಂದ್ರದಲ್ಲಿ ಕೊಳ್ಳಿ, ಡಾಕ್ಟರಲ್ಲಿ ಔಷಧಿಯ ಮೂಲ ಹೆಸರು ಬರೆಸಿಕೊಳ್ಳಿ. ದೊಡ್ಡ ಕಾಯಿಲೆಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಇರಲಿ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ 30 ಶೇಕಡಾ, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಸಿಗುತ್ತದೆ. ತುರ್ತು ಅಲ್ಲದಿದ್ದರೆ ಮೊದಲು ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆಗೋ ಉಡುಪಿಯ ಅಜ್ಜರಕಾಡಿನ ಜಿಲ್ಲಾಸ್ಪತ್ರೆಗೋ ಹೋಗಿ. ಅಲ್ಲಿಂದ ರೆಫರಲ್ ಇಲ್ಲದೆ ನೇರ ಖಾಸಗಿಗೆ ಸೇರಿದ ಮೇಲೆ ಕಾರ್ಡು ತೋರಿಸಿದರೆ ಪ್ರಯೋಜನವಿಲ್ಲ. ಜೂನ್ ಬರುವ ಮೊದಲು ಪ್ರತಿ ಹಾಸಿಗೆಗೆ ಸೊಳ್ಳೆಪರದೆ ಕೊಳ್ಳಿ, ಒಂದು ಮಲೇರಿಯಾ ಎಂದರೆ ಔಷಧಿಗಿಂತ ವಾರದ ಕೂಲಿ ಹೋಗುವುದೇ ದೊಡ್ಡ ನಷ್ಟ.

ಮಳೆಗಾಲದ ನಡುವೆ ಇದನ್ನು ಓದುತ್ತಿರುವವರು ಈ ವರ್ಷದ ಅಕ್ಕಿ, ಮೆಣಸಿನ ಸಂಗ್ರಹಕ್ಕೆ ಕೈ ಹಾಕಬೇಡಿ, ತೇವದಲ್ಲಿ ಕೊಂಡದ್ದು ನಿಲ್ಲುವುದಿಲ್ಲ. ತಿಂಗಳ ತಿಂಗಳಿಗೆ ಬೇಕಾದಷ್ಟೇ ತನ್ನಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವ ಸಾಮಾನಿಗೆ ಎಷ್ಟು ಹೋಯಿತೆಂದು ಒಂದು ಪುಸ್ತಕದಲ್ಲಿ ಬರೆದಿಡಿ, ಬರುವ ಏಪ್ರಿಲ್‌ನ ಚೀಟಿ ಅದೇ. ಆರ್‌ಡಿ ಮಾತ್ರ ಆಗಸ್ಟ್ ಮೊದಲ ವಾರವೇ ತೆರೆಯಿರಿ, ಸಾವಿರದಿಂದಾದರೂ ಸರಿ.